ಇಪ್ಪತ್ತೆಂಟಕ್ಕನ ತೂತುರಟ್ಟು

ಕೆಳದಂಡೆಯಲ್ಲಿ ಯಾರಿಗೆ ಏನೇ ಸಂದೇಹ ಬಂದರೂ ಇಪ್ಪತ್ತೆಂಟಕ್ಕನನ್ನು ಕೇಳಿಯೇ ಮುಂದುವರಿಯುವುದು ವಾಡಿಕೆ. ಹಲ್ಲುನೋವಿಗೆ ಯಾವ ಡಾಕ್ಟರು, ಮಗಳಿಗೆ ಯಾವ ಗಂಡು, ಬಾವಿ ತೋಡಲು ಯಾವ ಮೂಲೆ, ಎಲ್ಲಕ್ಕೂ ಅವಳ ಬಾಯಿಂದ ಒಂದು ಮಾತು ಉದುರಬೇಕು. ಉದುರಿದ ಮಾತು ಹತ್ತಕ್ಕೆ ಏಳು ಸಲ ಕೈಕೊಡುತ್ತಿತ್ತು ಎಂಬುದು ಬೇರೆ ವಿಷಯ. ಅವಳ ಚಿಕ್ಕಪ್ಪ ಮನೆ ಕಟ್ಟುವಾಗ ಬಾಗಿಲು ಯಾವ ಕಡೆ ಇಡಲಿ ಎಂದು ಕೇಳಿದ್ದರು. "ಗಾಳಿ ಬರೋ ಕಡೆ ಇಡಿ" ಎಂದಳು. ಆ ಕಡೆ ಪಕ್ಕದ ಮನೆಯ ಗೋಡೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಗಾಳಿ ಬಂತೋ ಬಿಟ್ಟಿತೋ, ಮನುಷ್ಯರಂತೂ ಬರಲಾಗಲಿಲ್ಲ. ಮೂವತ್ತು ವರ್ಷದಿಂದ ಚಿಕ್ಕಪ್ಪನ ಸಂಸಾರ ಕಿಟಕಿಯಿಂದಲೇ ಹತ್ತಿ ಇಳಿಯುತ್ತಿದೆ; ಹೊರಗೊಂದು ಸ್ಟೂಲು, ಒಳಗೊಂದು ಸ್ಟೂಲು. ಬಂದ ನೆಂಟರು ಹುಬ್ಬೇರಿಸಿದರೆ ಚಿಕ್ಕಪ್ಪ ಗಂಭೀರವಾಗಿ ಹೇಳುತ್ತಿದ್ದರು: "ಇಪ್ಪತ್ತೆಂಟು ತಗೊಂಡವಳು ಹೇಳಿದ್ದು. ಅದರಲ್ಲಿ ಏನೋ ಇದೆ. ನಮಗೆ ಗೊತ್ತಾಗ್ತಿಲ್ಲ, ಅಷ್ಟೇ."

ಆ ಇಪ್ಪತ್ತೆಂಟು ಅವಳ ವಯಸ್ಸಲ್ಲ, ಮನೆ ನಂಬರೂ ಅಲ್ಲ. ಅವಳಿಗೆ ಹನ್ನೆರಡು ತುಂಬಿದಾಗ ಬುದ್ಧಿಪರೀಕ್ಷೆಯಲ್ಲಿ ಬಂದ ಅಂಕ. ಹೊಳೆಯ ಆಚೆ ಮೇಲ್ದಂಡೆಯಲ್ಲಿ ಬುದ್ಧಿಮಾಪನ ಕಚೇರಿ ಎಂಬುದೊಂದಿದೆ. ಎರಡೂ ದಂಡೆಯ ಮಕ್ಕಳಿಗೆ ಅದು ಪ್ರತಿ ವರ್ಷ ಒಂದೇ ಪರೀಕ್ಷೆ ಕೊಡುತ್ತದೆ. ಕಾಗದದಲ್ಲಿ ಅರವತ್ತು ಜೋಡಿ ಚಿತ್ರಗಳಿರುತ್ತವೆ. ಜೋಡಿಯಲ್ಲಿ ಒಂದು ಸರಿ, ಇನ್ನೊಂದು ಕೆಟ್ಟದ್ದು: ತಿರುಗುವ ಗಾಲಿ, ತಿರುಗದ ಗಾಲಿ, ನಿಲ್ಲುವ ಗಂಟು, ಜಾರುವ ಗಂಟು, ನೀರು ಹರಿಯುವ ಕೊಳವೆ, ಹರಿಯದ ಕೊಳವೆ. ಹಾಳೆಯ ನೆತ್ತಿಯ ಮೇಲೆ, ಕಚೇರಿ ಹುಟ್ಟಿಸಿದ ಹಿರಿಯರು ಸ್ವಂತ ಕೈಯಿಂದ ಬರೆದ ಒಂದೇ ಒಂದು ಸೂಚನೆ: "ಎರಡರಲ್ಲಿ ಯಾವುದು ಸರಿಯೆಂದು ನೋಡಿ ಗೀಟು ಹಾಕಿ." ಆ ಹಿರಿಯರು ಈಗ ಫೋಟೋ ಆಗಿ ಗೋಡೆಯ ಮೇಲಿದ್ದಾರೆ. ಅವರ ವಾಕ್ಯ ಮಾತ್ರ ಹಾಗೆಯೇ ಅಚ್ಚಾಗುತ್ತಿದೆ.

ಮೇಲ್ದಂಡೆಯ ಮಕ್ಕಳಿಗೆ ಸರಾಸರಿ ನಲವತ್ತೊಂದು ಬರುತ್ತಿತ್ತು, ಕೆಳದಂಡೆಯವರಿಗೆ ಹದಿನೇಳು. ಹದಿನೇಳರ ಸೀಮೆಯಲ್ಲಿ ಇಪ್ಪತ್ತೆಂಟು ತೆಗೆದ ಹುಡುಗಿಯೆಂದರೆ ಸಾಮಾನ್ಯವೇ? ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದ. ಕೆಳದಂಡೆಗೆಂದು ಕಚೇರಿಯಲ್ಲಿ ಕಾದಿಟ್ಟಿದ್ದ ಒಂದೇ ಕೆಲಸ ಮುಂದೆ ಅವಳಿಗೆ ಸಿಕ್ಕಿತು. ಅವಳ ಹೆಸರನ್ನು ಅಂದಿನಿಂದ ಯಾರೂ ಹಿಡಿದು ಕರೆಯಲಿಲ್ಲ.

ಅದೇ ದಿನ, ಅದೇ ಬೆಂಚಿನಲ್ಲಿ ಅವಳ ತಮ್ಮನೂ ಪರೀಕ್ಷೆ ಬರೆದಿದ್ದ. ಅವಳಿಗಿಂತ ಹನ್ನೊಂದು ತಿಂಗಳು ಚಿಕ್ಕವನು. ಅವನಿಗೆ ಬಂದದ್ದು ಸೊನ್ನೆ. ಈ ಕಥೆಯನ್ನು ಮನೆಯಲ್ಲಿ ನೆಂಟರು ಬಂದಾಗಲೆಲ್ಲ ಹೇಳಿ ನಗುತ್ತಿದ್ದರು: ಹುಡುಗ ಫಲಿತಾಂಶದ ಚೀಟಿ ಹಿಡಿದುಕೊಂಡು ಸೇತುವೆಯ ಮೇಲಿಂದ ಕುಣಿಯುತ್ತಾ ಬಂದನಂತೆ, "ಅಪ್ಪಾ, ಸೊನ್ನೆ! ನಂದು ಸೊನ್ನೆ!" ಎಂದು ಕೂಗುತ್ತಾ ಬಂದನಂತೆ, ಅಪ್ಪ ಒಂದು ಬಿಟ್ಟನಂತೆ, ಹುಡುಗ ಯಾಕೆ ಹೊಡೆದೆ ಎನ್ನುವ ಹಾಗೆ ಪಿಳಿಪಿಳಿ ನೋಡಿದನಂತೆ. "ಸೊನ್ನೆ ಸುತ್ತಿ ಕುಣಿದವನನ್ನ ಲೋಕದಲ್ಲಿ ಎಲ್ಲಾದ್ರೂ ಕಂಡಿದ್ದೀರಾ?" ಎಂದು ಅಮ್ಮ ಕೊನೆಗೊಂದು ಒಗ್ಗರಣೆ ಹಾಕುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಸೊನ್ನೆಯೂ ನಗುತ್ತಿದ್ದ. ಅವನ ಹೆಸರೂ ಅಲ್ಲಿಗೆ ಮುಗಿಯಿತು.

ತಲೆಯಲ್ಲಿ ಮಣ್ಣಿರುವವನಿಗೆ ಕಾಲಲ್ಲೂ ಮಣ್ಣೇ ಸರಿಯೆಂದು ಅವನನ್ನು ಹೆಂಚಿನ ಕಾರ್ಖಾನೆಯ ಕೆಸರುಗುಂಡಿಗೆ ಇಳಿಸಿದರು. ಕೆಳದಂಡೆ ಬದುಕುವುದೇ ಆ ಕಾರ್ಖಾನೆಯಿಂದ. ಹತ್ತು ವರ್ಷ ಮಣ್ಣು ತುಳಿದ ಮೇಲೆ, ಸುಟ್ಟ ಹೆಂಚುಗಳ ಸಾಲಿನ ಪಕ್ಕ ನಡೆಯುತ್ತಾ "ಇದು ಸೀಳಿದೆ, ಅದು ಸೀಳಿದೆ" ಎಂದು ಅವನು ಸುಮ್ಮನೆ ಗೊಣಗುವುದು ಯಾರ ಕಿವಿಗೋ ಬಿತ್ತು. ನೋಡಿದರೆ ಅಷ್ಟೂ ಸೀಳಿದ್ದವು. ಅಂದಿನಿಂದ ಅವನು ಆರಿಸುವ ಬೆಂಚಿನಲ್ಲಿ ಕೂತ. ಹೆಂಚನ್ನು ಕೈಗೆತ್ತಿಕೊಂಡು ಗೆಣ್ಣಿನಿಂದ ಒಮ್ಮೆ ಕುಟ್ಟಿ, ಸದ್ದು ಕೇಳಿ, ಕೆಟ್ಟದ್ದಾದರೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು ಪಕ್ಕಕ್ಕೆಸೆಯುವುದು, ಒಳ್ಳೆಯದಾದರೆ ಮುಟ್ಟದೆ ಮುಂದಕ್ಕೆ ಬಿಡುವುದು. ಸಂಜೆ ಗೀಟು ಬಿದ್ದ ಹೆಂಚುಗಳನ್ನು ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ. ಸೀಮೆಸುಣ್ಣ ಸದಾ ಅವನ ಬಲಗಿವಿಯ ಮೇಲೆ ಸಿಕ್ಕಿಕೊಂಡಿರುತ್ತಿತ್ತು. ಸ್ನಾನಕ್ಕೂ ಹಾಗೇ ಹೋಗುತ್ತಿದ್ದ ಎಂದು ಹೆಂಡತಿ ಬೈಯುತ್ತಿದ್ದಳು.

ಇತ್ತ ಅಕ್ಕನ ಕೆಲಸ ತೂತುರಟ್ಟು. ಅರವತ್ತು ತೂತು ಕೊರೆದ ಒಂದು ದಪ್ಪ ರಟ್ಟು ಅದು. ಒಂದೊಂದು ತೂತೂ ಸರಿಯಾದ ಚಿತ್ರದ ಮೇಲೆ ಕೂರುತ್ತದೆ. ಮಗುವಿನ ಉತ್ತರದ ಹಾಳೆಯ ಮೇಲೆ ರಟ್ಟನ್ನಿಟ್ಟು, ತೂತಿನೊಳಗೆ ಎಷ್ಟು ಗೀಟು ಕಾಣುತ್ತವೆಯೋ ಎಣಿಸಿ, ಮೂಲೆಯಲ್ಲಿ ಬರೆದರೆ ಮುಗಿಯಿತು. ಈ ಕೆಲಸಕ್ಕೆ ಬುದ್ಧಿ ಬೇಕಿಲ್ಲವೆಂದು ಕಚೇರಿಯ ನಿಯಮಾವಳಿಯಲ್ಲೇ ಬರೆದಿತ್ತು. ಆದರೂ ಇಪ್ಪತ್ತೆಂಟಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸುತ್ತಿದ್ದಳು. ಒಂದು ಹಾಳೆಯನ್ನು ಮೂರು ಸಲ ಎಣಿಸುತ್ತಿದ್ದಳು, ಏಕೆಂದರೆ ಮೊದಲೆರಡು ಸಲ ಬೇರೆಬೇರೆ ಉತ್ತರ ಬರುತ್ತಿತ್ತು.

ಅವಳ ಮೇಜಿದ್ದದ್ದು ಅಂತರ ವಿಭಾಗದಲ್ಲಿ. ಎರಡು ದಂಡೆಗಳ ನಡುವಿನ ಇಪ್ಪತ್ತನಾಲ್ಕು ಅಂಕಗಳ ಅಂತರವನ್ನು ಅಧ್ಯಯನ ಮಾಡಲೆಂದೇ ಇದ್ದ ವಿಭಾಗ ಅದು. ಬಾಗಿಲ ಮೇಲೆ ಯಾರೋ ಕಿಡಿಗೇಡಿ "ಅಂತರ ಕಾಪಾಡಿ" ಎಂಬ ಫಲಕ ಸಿಕ್ಕಿಸಿದ್ದ, ಅದನ್ನು ಯಾರೂ ತೆಗೆಯಲಿಲ್ಲ. ಒಳಗಿನವರ ಕೆಲಸವೂ ಅದೇ ಆಗಿತ್ತಲ್ಲ. ಒಳಗೆ ಎದುರುಬದುರು ಕೋಣೆಗಳಲ್ಲಿ ಇಬ್ಬರು ಪ್ರೊಫೆಸರರು. ಕೆಳದಂಡೆಯವರ ರಕ್ತವೇ ಹಾಗೆ, ಅದಕ್ಕೆ ಮದ್ದಿಲ್ಲ ಎನ್ನುವವರು ಒಬ್ಬರು. ಎಳವೆಯಲ್ಲಿ ಹಾಲು ಸಾಲದ್ದರಿಂದ ಹೀಗಾಗಿದೆ, ಹಾಲು ಕುಡಿಸಿ ಎನ್ನುವವರು ಇನ್ನೊಬ್ಬರು. ಇಪ್ಪತ್ತೆಂಟಕ್ಕ ಮನಸ್ಸಿನಲ್ಲೇ ಅವರನ್ನು ರಕ್ತದ ಪ್ರೊಫೆಸರು, ಹಾಲಿನ ಪ್ರೊಫೆಸರು ಎಂದು ಕರೆಯುತ್ತಿದ್ದಳು. ಹದಿನೆಂಟು ವರ್ಷದಿಂದ ಜಗಳ ನಡೆದಿತ್ತು. ಹನ್ನೊಂದು ಗಂಟೆಗೆ ಇಬ್ಬರಿಗೂ ಒಂದೇ ಕೆಟಲಿನಿಂದ ಚಹಾ. ಇಬ್ಬರೂ ಸೇತುವೆ ದಾಟಿ ಕೆಳದಂಡೆಗೆ ಕಾಲಿಟ್ಟವರಲ್ಲ. ದಾಟಿದರೆ ನಿಷ್ಪಕ್ಷಪಾತತೆಗೆ ಧಕ್ಕೆಯಂತೆ.

ಒಮ್ಮೆ ಕಚೇರಿಗೆ ಬಂದಿದ್ದ ಗಣಿತದ ಮೇಷ್ಟರೊಬ್ಬರು ಚಹಾ ಕುಡಿಯುತ್ತಾ ಒಂದು ಮಾತು ಕೇಳಿದರು: "ಅಲ್ಲಾ ಸ್ವಾಮಿ, ಎರಡರಲ್ಲಿ ಒಂದು ಆರಿಸೋ ಪರೀಕ್ಷೆ. ಕಣ್ಣು ಮುಚ್ಕೊಂಡು ಗೀಟು ಹಾಕಿದ್ರೂ ಮೂವತ್ತು ಬೀಳ್ಬೇಕು. ಹದಿನೇಳು ಹೇಗೆ ಬರುತ್ತೆ?" ಇಬ್ಬರು ಪ್ರೊಫೆಸರರೂ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಇಬ್ಬರೂ ಒಂದೊಂದು ಪುಸ್ತಕ ಬರೆದರು. ಸತ್ಯ ಕಂಡರೆ ಹಿಂದಕ್ಕೆ ಹರಿಯುವ ಗುಣ ಆ ರಕ್ತದಲ್ಲಿದೆ, ಅದಕ್ಕೆ 'ಋಣಬುದ್ಧಿ' ಎನ್ನಬೇಕು ಎಂದಿತು ಒಂದು. ಹಾಲಿಲ್ಲದೆ ಬೆಳೆದ ಮಗು ಸರಿಯಾದುದನ್ನು ಕಂಡರೆ ಹೆದರುತ್ತದೆ, ಅದು 'ಸತ್ಯಭೀತಿ' ಎಂದಿತು ಇನ್ನೊಂದು. ಎರಡೂ ನಾನೂರು ನಾನೂರು ಪುಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಪಂಡಿತರು ಎಲ್ಲ ಕಡೆಯೂ ಇರುತ್ತಾರೆ. ಎತ್ತಿನ ಹತ್ತಿರ ಹೋಗಿ ಬಗ್ಗಿ ನೋಡುವವರೇ ಇರುವುದಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದಾಗ, ಇಪ್ಪತ್ತೆಂಟಕ್ಕನಿಗೆ ಐವತ್ತನಾಲ್ಕು ತುಂಬಿದ ವರ್ಷ, ಹೆಂಚಿನ ಕಾರ್ಖಾನೆಯಿಂದ ಅವಳ ಮೇಜಿಗೇ ಒಂದು ಕಾಗದ ಬಂತು. ಒಡೆಯುವ ಸಾಮಾನು ಮುಟ್ಟುವ ಕೆಲಸಗಾರರಿಗೆ ಕನಿಷ್ಠ ಹತ್ತು ಅಂಕವಾದರೂ ಇರಬೇಕೆಂದು ಹೊಸ ನಿಯಮ ಮಾಡಿದ್ದೇವೆ. ಆರಿಸುವ ಬೆಂಚಿನ ಹದಿನಾಲ್ಕು ಮಂದಿಯ ಬುದ್ಧಿ ಪ್ರಮಾಣಪತ್ರ ಕಳಿಸಿಕೊಡಿ. ಹತ್ತಕ್ಕಿಂತ ಕಡಿಮೆ ಇರುವವರನ್ನು ತಿಂಗಳ ಕೊನೆಗೆ ಕೆಸರುಗುಂಡಿಗೆ ಇಳಿಸಲಾಗುವುದು. ಪಟ್ಟಿಯ ಮೊದಲನೆಯವನೇ ಅವಳ ತಮ್ಮ.

ಐವತ್ಮೂರು ವರ್ಷದವನು, ಎರಡೂ ಮಂಡಿ ಹೋಗಿವೆ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆ. ಆ ಕಾಲುಗಳನ್ನು ಮತ್ತೆ ಸೊಂಟದುದ್ದ ತಣ್ಣನೆ ಕೆಸರಿಗೆ ಇಳಿಸುವ ಚೀಟಿಯನ್ನು ಅವಳೇ ಬರೆಯಬೇಕು. ಬರೆಯುವುದಾದರೂ ಏನು? ಒಂದು ಸೊನ್ನೆ. ಪೆನ್ನನ್ನು ಒಂದು ಸಲ ದುಂಡಗೆ ತಿರುಗಿಸಿದರೆ ಆಯಿತು.

ಊಟದ ಬಿಡುವಿನಲ್ಲಿ ಸೇತುವೆ ದಾಟಿ ಕಾರ್ಖಾನೆಗೆ ಹೋದಳು. ತಮ್ಮ ಬೆಂಚಿನಲ್ಲಿ ಕೂತು ಹೆಂಚು ಕುಟ್ಟುತ್ತಿದ್ದ. ಟಣ್, ಮುಂದಕ್ಕೆ. ಟಣ್, ಮುಂದಕ್ಕೆ. ಬಡ್, ಗೀಟು. ಅವಳು ವಿಷಯ ಹೇಳಿದಳು. ಅವನು ಕೈ ನಿಲ್ಲಿಸದೆ ಕೇಳಿದ.

"ಹೋಗ್ಲಿ ಬಿಡಕ್ಕಾ," ಎಂದ. "ಸೊನ್ನೆ ಬಂದಿದ್ದು ನಿಜ ತಾನೇ? ನೀನೇನು ಸುಳ್ಳು ಬರೀತೀಯಾ?"

"ಒಂದಾದ್ರೂ ಸರಿ ಮಾಡೋದಲ್ವೇನೋ ಕತ್ತೆ! ಅರವತ್ತರಲ್ಲಿ ಒಂದು! ಕುರುಡನೂ ಮೂವತ್ತು ಹೊಡೀತಾನೆ."

"ನಂಗೂ ಅದೇ ಸೋಜಿಗ ಕಣೇ," ಎಂದು ಅವನು ಇನ್ನೊಂದು ಹೆಂಚನ್ನೆತ್ತಿದ. "ಅವತ್ತು ಒಂದೂ ಬಿಟ್ಟಿರ್ಲಿಲ್ಲ ನಾನು. ಸರಿಯಾಗಿ ನೋಡಿ ನೋಡಿ ಅರವತ್ತಕ್ಕೂ ಗೀಟು ಹಾಕಿದ್ದೆ."

"ಯಾವುದಕ್ಕೆ ಹಾಕಿದ್ದೆ?"

"ಯಾವುದಕ್ಕೆ ಅಂದ್ರೆ? ಕೆಟ್ಟದ್ದಕ್ಕೆ."

ಅವಳಿಗೆ ನಗು ಬಂತು. ಕಚೇರಿಯಲ್ಲಿ ಕೆಲಸ ಮಾಡುವವಳ ನಗು. "ಅಯ್ಯೋ ಹುಚ್ಚಪ್ಪಾ! ಒಳ್ಳೇದಕ್ಕೆ ಹಾಕ್ಬೇಕು ಕಣೋ ಗೀಟು!"

ತಮ್ಮ ಮೊದಲ ಸಲ ಕೈ ನಿಲ್ಲಿಸಿದ. ಅವಳನ್ನು, ಅಂದು ಅಪ್ಪನನ್ನು ನೋಡಿದ ಹಾಗೆಯೇ, ಪಿಳಿಪಿಳಿ ನೋಡಿದ. "ಒಳ್ಳೇದಕ್ಕೆ ಯಾರಾದ್ರೂ ಗೀಟು ಹಾಕ್ತಾರೇನಕ್ಕಾ?"

ಅವಳು ಸುತ್ತ ನೋಡಿದಳು. ಬೆಂಚಿನ ಒಂದು ಪಕ್ಕದಲ್ಲಿ ಗೀಟು ಬಿದ್ದ ಹೆಂಚುಗಳ ಗುಡ್ಡೆಯಿತ್ತು, ಇನ್ನೊಂದು ಪಕ್ಕದಲ್ಲಿ ಗೀಟಿಲ್ಲದ ಕೆಂಪು ಹೆಂಚುಗಳ ಸಾಲು. ಹುಟ್ಟಿದಂದಿನಿಂದ ನೋಡಿದ್ದು ಅದನ್ನೇ. ಅಪ್ಪನೂ ಇದೇ ಬೆಂಚಿನಲ್ಲಿ ಕೂತವನು. ಕೆಳದಂಡೆಯಲ್ಲಿ ಕೂಸುಗಳು ಕೂಡ ಆಟದಲ್ಲಿ ಸೋತವನ ಬೆನ್ನಿಗೆ ಗೀಟು ಎಳೆಯುತ್ತವೆ.

"ಅದಕ್ಕೇ ಸೊನ್ನೆ ಅಂದಾಗ ಖುಷಿಯಾಗಿತ್ತು ನಂಗೆ," ಎಂದ ತಮ್ಮ. "ಇಲ್ಲಿ ಸಂಜೆ ಹಲಗೆ ಮೇಲೆ ಸೊನ್ನೆ ಬರೆದ್ರೆ ಅಪ್ಪ ಎಷ್ಟು ಹಿಗ್ತಿದ್ದ, ನೆನಪಿದ್ಯಾ? ಒಂದೂ ಕೆಟ್ಟಿಲ್ಲ ಅಂತ. ನಾನೂ ಹಾಗೇ ಅಂದ್ಕೊಂಡೆ."

ಆ ಕಥೆಯನ್ನು ನೆಂಟರಿಗೆ ಅವಳೂ ಹೇಳಿ ನಕ್ಕಿದ್ದಳು, ನೂರೆಂಟು ಸಲ.

ಕಚೇರಿಗೆ ಮರಳಿ, ದಾಖಲೆ ಕೋಣೆಯಲ್ಲಿ ಧೂಳು ಕೊಡವಿ, ನಲವತ್ತೆರಡು ವರ್ಷ ಹಿಂದಿನ ಕಟ್ಟು ಬಿಚ್ಚಿದಳು. ತಮ್ಮನ ಹಾಳೆ ಸಿಕ್ಕಿತು. ತೂತುರಟ್ಟನ್ನು ಮೇಲಿಟ್ಟಳು. ಅರವತ್ತು ತೂತು, ಒಂದರಲ್ಲೂ ಗೀಟಿಲ್ಲ. ರಟ್ಟು ತೆಗೆದಳು. ಅರವತ್ತು ಗೀಟು, ಅಷ್ಟೂ ಕೆಟ್ಟ ಚಿತ್ರಗಳ ಮೇಲೆ. ತಿರುಗದ ಗಾಲಿ, ಜಾರುವ ಗಂಟು, ಹರಿಯದ ಕೊಳವೆ, ಒಂದನ್ನೂ ಬಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಕೈ ದಾಟಿದ ಸಾವಿರಾರು ಹಾಳೆಗಳಲ್ಲಿ ಯಾವ ದಂಡೆಯವನೂ ಅರವತ್ತನ್ನೂ ಸರಿಯಾಗಿ ಕಂಡುಹಿಡಿದಿರಲಿಲ್ಲ. ಅವಳು ನೆಲದ ಮೇಲೆ ಕೂತು ಮನಸಾರೆ ಅತ್ತಳು. ಧೂಳಿಗೆ ಸೀನೂ ಬಂತು, ಎರಡೂ ಒಟ್ಟಿಗೆ ನಡೆದವು.

ಆಮೇಲೆ ಅವಳಿಗೆ ತನ್ನ ಹಾಳೆಯ ನೆನಪಾಯಿತು.

ತಾನೂ ಕೆಟ್ಟದ್ದಕ್ಕೇ ಗೀಟು ಹಾಕಿದ್ದಳಲ್ಲ. ಅಂದರೆ ತೂತಿನಲ್ಲಿ ಕಂಡ ಇಪ್ಪತ್ತೆಂಟು ಗೀಟುಗಳೂ ತಪ್ಪು. ಅರವತ್ತರಲ್ಲಿ ಇಪ್ಪತ್ತೆಂಟು ಕಳೆದರೆ? ತಮ್ಮನಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿದ್ದ. ಅವಳಿಗೆ ಆ ಸಂಜೆ ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಬೇಕಾಯಿತು. ಮೂವತ್ತೆರಡು. ಕುರುಡನಿಗಿಂತ ಎರಡು ಹೆಚ್ಚು. ಆ ವರ್ಷದ ಕಟ್ಟಿನಲ್ಲಿ ಕೆಳದಂಡೆಯ ನೂರಾ ಆರು ಮಕ್ಕಳಿದ್ದರು, ನೂರಾ ಆರರಲ್ಲೂ ಎಲ್ಲರಿಗಿಂತ ದಡ್ಡಿಯನ್ನು ಹುಡುಕಿ, ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದ್ದರು. ಕಾರ್ಖಾನೆಯ ಪಟ್ಟಿಯಲ್ಲೂ ಅದೇ ಕಥೆ. ಹದಿನಾಲ್ಕು ಮಂದಿಯಲ್ಲಿ ಒಳ್ಳೆಯ ಕಿವಿಯವರೆಲ್ಲ ಹತ್ತರ ಕೆಳಗೆ. ಇಪ್ಪತ್ತಾರು ಬಂದಿದ್ದವನು ಮೇಸ್ತ್ರಿಯಾಗಿದ್ದ; ಎಲ್ಲರಿಗಿಂತ ಹೆಚ್ಚು ಹೆಂಚು ಒಡೆಯುತ್ತಿದ್ದವನು ಅವನೇ. "ಬುದ್ಧಿವಂತ, ಆದ್ರೆ ಕೈಗುಣ ಸರಿಯಿಲ್ಲ" ಎಂದು ಮ್ಯಾನೇಜರು ಕನಿಕರಪಡುತ್ತಿದ್ದರು.

ಮೂರು ದಿನ ಅವಳು ಯಾರಿಗೂ ಏನೂ ಹೇಳಲಿಲ್ಲ. ನಾಚಿಕೆಯ ಮಾತೇನು, ಅವಳಿಗೆ ಭಯವಾಗಿತ್ತು. ಬಾಯಿ ಬಿಟ್ಟರೆ ಇಪ್ಪತ್ತೆಂಟಕ್ಕ ಸಾಯುತ್ತಾಳೆ. ಬಿಡದಿದ್ದರೆ ತಮ್ಮ ಕೆಸರಿಗಿಳಿಯುತ್ತಾನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಎಂದು ಜನ ಆಡಿಕೊಳ್ಳುವುದು ಈಗಲೇ ಕಿವಿಗೆ ಕೇಳುತ್ತಿತ್ತು. ಆ ಮೂರು ದಿನಗಳಲ್ಲೇ ಪಕ್ಕದ ಮನೆಯಾಕೆ ಬಂದು, ಮಗನನ್ನು ಯಾವ ಕೆಲಸಕ್ಕೆ ಹಾಕಲಿ ಎಂದು ಕೇಳಿದಳು. ಇಪ್ಪತ್ತೆಂಟಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ "ನಂಗೊತ್ತಿಲ್ಲಮ್ಮಾ" ಎಂದಳು. "ಎಂಥಾ ಮಾತು!" ಎಂದು ಆಕೆ ಕೈಮುಗಿದು ಹೋದಳು.

ನಾಲ್ಕನೆಯ ದಿನ ಅವಳು ನಿರ್ದೇಶಕರ ಕೋಣೆಗೆ ಹೋದಳು. ಇಬ್ಬರು ಪ್ರೊಫೆಸರರೂ ಅಲ್ಲೇ ಚಹಾ ಕುಡಿಯುತ್ತಿದ್ದರು. ಅವಳು ಒಂದು ನೆಟ್ಟಗಿನ ಕಪ್ಪು, ಒಂದು ಬಿರುಕು ಬಿಟ್ಟ ಕಪ್ಪು ಮೇಜಿನ ಮೇಲಿಟ್ಟಳು. ನಿರ್ದೇಶಕರ ಕೈಗೆ ಸೀಮೆಸುಣ್ಣ ಕೊಟ್ಟಳು.

"ಸಾರ್, ಎರಡರಲ್ಲಿ ಯಾವುದು ಸರಿಯೆಂದು ನೋಡಿ ಗೀಟು ಹಾಕಿ."

ಅದು ಹಿರಿಯರ ವಾಕ್ಯ. ನಿರ್ದೇಶಕರು ಕೂತಲ್ಲೇ ನೆಟ್ಟಗಾಗಿ, ನೆಟ್ಟಗಿದ್ದ ಕಪ್ಪಿಗೆ ಗೀಟು ಹಾಕಿದರು. ಮೇಲ್ದಂಡೆಯವರು ಅಂಗಡಿಯ ಪಟ್ಟಿಯಲ್ಲಿ ಬೇಕಾದ ಸಾಮಾನಿಗೆ ಗೀಟು ಹಾಕಿ ಬೆಳೆದವರು. ಅವಳು ಗೀಟು ಒರೆಸಿ, ಹೊರಗೆ ನೆಲ ಗುಡಿಸುತ್ತಿದ್ದ ಕೆಳದಂಡೆಯ ಮುದುಕಿಯನ್ನು ಕರೆದು ಅದೇ ವಾಕ್ಯ ಹೇಳಿದಳು. ಮುದುಕಿ ಎರಡೂ ಕಪ್ಪನ್ನು ಕುಟ್ಟಿ ನೋಡಿ ಬಿರುಕು ಬಿಟ್ಟದ್ದಕ್ಕೆ ಗೀಟೆಳೆದಳು. "ಇದನ್ನ ಎಸೀಲಾ?" ಎಂದೂ ಕೇಳಿದಳು.



"ಅಂದ್ರೆ..." ಎಂದರು ನಿರ್ದೇಶಕರು, ಗೋಡೆಯ ಫೋಟೋ ನೋಡುತ್ತಾ. "ಯಾವುದಕ್ಕೆ ಗೀಟು ಅಂತ ಹಿರಿಯರು ಬರ್ದೇ ಇಲ್ಲ."

"ಇಲ್ಲ ಸಾರ್. ಕೆಳದಂಡೆ ಹಾಳೆಗಳನ್ನೆಲ್ಲ ತಿರುಗಿಸಿ ಎಣಿಸ್ಬೇಕು. ನನ್ನ ತಮ್ಮಂದು ಸೊನ್ನೆ ಅಲ್ಲ, ಅರವತ್ತು." ಅವಳು ಬಿರುಕು ಬಿಟ್ಟ ಕಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು. "ನಂದು ಇಪ್ಪತ್ತೆಂಟಲ್ಲ. ಮೂವತ್ತೆರಡು."

"ಒಳ್ಳೇದೇ ಆಯ್ತಲ್ಲ, ನಾಲ್ಕು ಜಾಸ್ತಿ!" ಎಂದರು ಹಾಲಿನ ಪ್ರೊಫೆಸರು.

"ಜಾಸ್ತಿಯಾಗಿದ್ದಕ್ಕೇ ಕಮ್ಮಿಯಾಗಿದೆ ಸಾರ್," ಎಂದಳು ಅವಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ತಿರುಗಿಸಿ ಎಣಿಸಿದರು. ಕೆಳದಂಡೆಯ ಸರಾಸರಿ ಹದಿನೇಳು ಹೋಗಿ ನಲವತ್ತಮೂರಾಯಿತು. ಮೇಲ್ದಂಡೆಯದು ನಲವತ್ತೊಂದೇ. ಅಂತರ ವಿಭಾಗಕ್ಕೆ ಬೀಗ ಬೀಳುತ್ತದೆಂದು ಇಪ್ಪತ್ತೆಂಟಕ್ಕ ಎಣಿಸಿದ್ದಳು. ಅವಳ ಎಣಿಕೆ ಎಂದು ಸರಿಯಾಗಿತ್ತು? ಎರಡಾದರೇನು, ಅಂತರ ಅಂತರವೇ ಎಂದರು ನಿರ್ದೇಶಕರು. ಈಗ ಕೆಳದಂಡೆ ಎರಡು ಅಂಕ ಮುಂದಿತ್ತಲ್ಲ, ಮೇಲ್ದಂಡೆಯವರಾದ ರಕ್ತದ ಪ್ರೊಫೆಸರು ಬೆಳಗಾಗುವುದರೊಳಗೆ ಮನಸ್ಸು ಬದಲಿಸಿದ್ದರು. ಇದೆಲ್ಲ ಬೆಳೆಸಿದ ರೀತಿ, ಮೇಲ್ದಂಡೆಯ ಹಾಲಿಗೆ ಯಾರೋ ನೀರು ಬೆರೆಸುತ್ತಿದ್ದಾರೆ ಎಂದರು. ಹಾಲಿನ ಪ್ರೊಫೆಸರಿಗೋ ತಾವು ಹದಿನೆಂಟು ವರ್ಷ ಮರುಗಿದ ಜನ ತಮಗಿಂತ ಮುಂದಿರುವುದು ಸಹಿಸಲಾಗಲಿಲ್ಲ. ಹಾಲಿಲ್ಲದೆಯೂ ನಲವತ್ತಮೂರು ಬಂತೆಂದರೆ ಅದು ರಕ್ತವಲ್ಲದೆ ಇನ್ನೇನು ಎಂದರು. ಅವರವರ ವಾದದ ಹೆಸರಿದ್ದ ಫಲಕಗಳನ್ನು ಕೋಣೆಗಳ ಬಾಗಿಲಿಗೆ ಮೊಳೆ ಹೊಡೆದು ಕೂರಿಸಿದ್ದರಿಂದ ಕೀಳಲಾಗಲಿಲ್ಲ. ಇಬ್ಬರೂ ಕೋಣೆಗಳನ್ನೇ ಅದಲುಬದಲು ಮಾಡಿಕೊಂಡರು. ಕೆಟಲು ಇದ್ದಲ್ಲೇ ಇತ್ತು.

ಅವಳ ನೇಮಕವೇ ತಪ್ಪು ನೇಮಕವೆಂದು ಒಂದು ಕಡತ ತಯಾರಾಯಿತು. ಆದರೆ ತೂತು ಎಣಿಸಲು ಬುದ್ಧಿ ಬೇಕಿಲ್ಲವೆಂದು ನಿಯಮಾವಳಿಯೇ ಹೇಳುವಾಗ, ಈ ಕೆಲಸಕ್ಕೆ ಇವರಷ್ಟು ಯೋಗ್ಯರು ಇಡೀ ಕೆಳದಂಡೆಯಲ್ಲಿ ಇಲ್ಲವೆಂದು ನಿರ್ದೇಶಕರು ಷರಾ ಬರೆದರು. ಅವಳು ಉಳಿದಳು. ಹೊಸ ರಟ್ಟು ಬಂತು, ಹಳೆಯದನ್ನು ಮನೆಗೆ ಕೊಂಡೊಯ್ಯಲು ಬಿಟ್ಟರು.

ತಮ್ಮನ ಪ್ರಮಾಣಪತ್ರ ಅವಳೇ ಬರೆದಳು: ಅರವತ್ತು. ಕಾರ್ಖಾನೆಯ ಮ್ಯಾನೇಜರು ಅದನ್ನು ನೋಡಿ ಬೆವತರು. ಅರವತ್ತು ಬಂದವನು ಹೆಂಚು ಕುಟ್ಟುತ್ತಾ ಕೂರುವುದೇ? ಕಾರ್ಖಾನೆಗೇ ಅವಮಾನ. ಅವನಿಗೊಂದು ಗಾಜಿನ ಕೋಣೆ, ತಿರುಗುವ ಕುರ್ಚಿ ಕೊಟ್ಟು ಯೋಚನೆ ಮಾಡಿ ಎಂದರು. ಅವನು ಒಂದೂವರೆ ದಿನ ಯೋಚಿಸಿದ. ಎರಡನೆಯ ದಿನ ಮಧ್ಯಾಹ್ನ ಎದ್ದು, ಕುರ್ಚಿಯ ಒಂದು ಚಕ್ರ ಸೀಳಿದೆಯೆಂದು ಅದಕ್ಕೊಂದು ಗೀಟೆಳೆದು, ಬೆಂಚಿಗೆ ವಾಪಸು ಬಂದು ಕೂತ. ಯಾರೂ ಅಡ್ಡ ಬರಲಿಲ್ಲ. ಅರವತ್ತು ಬಂದವನು ಮಾಡಿದ್ದು, ಅದರಲ್ಲಿ ಏನೋ ಇರಬೇಕು.

ಕೆಳದಂಡೆ ಮಾತ್ರ ಅವಳನ್ನು ಕ್ಷಮಿಸಲಿಲ್ಲ. ಮಕ್ಕಳು "ಮೂವತ್ತೆರಡಕ್ಕಾ" ಎಂದು ಕೂಗಿ ಓಡುತ್ತಿದ್ದರು. ಅವಳ ಮನೆ ಬಾಗಿಲಿಗೆ ಕೇಳಿಕೊಂಡು ಬರುವವರು ನಿಂತರು. ಬೀದಿಯಲ್ಲಿ ಎದುರಾದರೆ ಚಪ್ಪಲಿ ನೋಡಿಕೊಂಡು ಹೋದರು. ಒಂದು ಭಾನುವಾರ ಚಿಕ್ಕಪ್ಪ ಅವಳ ಕಣ್ಣೆದುರಿಗೇ ಕಿಟಕಿಯಿಂದ ಸ್ಟೂಲಿನ ಮೇಲೆ ಇಳಿದರು. ಈಗ ಅವರಿಗೆ ಎಂಬತ್ತು.

"ಮೂವತ್ತು ವರ್ಷ," ಎಂದರು ಅವಳಿಗೆ. "ಮೂವತ್ತು ವರ್ಷ, ಮಗಳೇ." ಬೈದಿದ್ದರೂ ಚೆನ್ನಾಗಿತ್ತು.

ಅವತ್ತು ಅವಳು ನೆಟ್ಟಗೆ ಕಾರ್ಖಾನೆಗೆ ನಡೆದಳು. ಭಾನುವಾರವೂ ಬೆಂಚಿನಲ್ಲಿ ಕೂತಿರುವವನು ತಮ್ಮನೊಬ್ಬನೇ. ಹಳೆಯ ತೂತುರಟ್ಟನ್ನು ಅವನ ಮುಂದಿಟ್ಟಳು. ಅವನು ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ ಗೆಣ್ಣಿನಿಂದ ಒಮ್ಮೆ ಕುಟ್ಟಿದ. ಬಡ್. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಈ ತುದಿಯಿಂದ ಆ ತುದಿಗೆ ಒಂದು ಗೀಟೆಳೆದು ಕೆಟ್ಟ ಹೆಂಚುಗಳ ಗುಡ್ಡೆಗೆ ಎಸೆದ.

"ಕೋಪ ಬರಲ್ವೇನೋ ನಿಂಗೆ?" ಎಂದಳು ಅವಳು. "ನಿನ್ನ ಕುರ್ಚಿಯಲ್ಲಿ ನಾನು ಕೂತೆ. ನನ್ನ ಮಾತು ಊರೆಲ್ಲ ಕೇಳ್ತು, ನಿನ್ನದನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

"ಬರುತ್ತೆ," ಎಂದ ಅವನು. "ಅಪ್ಪ ಇದ್ದಿದ್ರೆ ಚೆನ್ನಾಗಿತ್ತು, ಅಷ್ಟೇ."

ಅವಳು ಪಕ್ಕದಲ್ಲಿ ಹೆಂಚು ಇಳಿಸಿಡುವ ಜಾಗದಲ್ಲೇ ಕೂತು, ನರೆತ ತಲೆಯನ್ನು ಅವನ ಮುಂದೆ ಬಗ್ಗಿಸಿದಳು.

"ತಗೋ. ನನ್ನನ್ನೂ ಒಂದ್ಸಲ ಕುಟ್ಟಿ ನೋಡು. ನೋಡಿ ಏನು ಹಾಕ್ಬೇಕೋ ಹಾಕು."

"ಏಳಕ್ಕಾ, ಹುಚ್ಚು!"

"ಕುಟ್ಟೋ ಅಂದ್ರೆ ಕುಟ್ಟು. ಕಾಗದದ ಲೆಕ್ಕ ನಂಗೆ ಸಾಕಾಗಿದೆ. ನೀನು ಹೇಳು."

ಅವನು ಅವಳನ್ನೇ ನೋಡಿದ. ಆಮೇಲೆ ಗೆಣ್ಣು ಬಾಗಿಸಿ, ಹೆಂಚನ್ನು ಕುಟ್ಟುವುದಕ್ಕಿಂತ ಎಷ್ಟೋ ಮೆಲ್ಲಗೆ, ಅವಳ ನೆತ್ತಿಯನ್ನು ಒಮ್ಮೆ ಕುಟ್ಟಿದ. ಮಂಡಿ ನೋವಿಗೆ ಹಲ್ಲು ಕಚ್ಚಿಕೊಂಡು ಬಗ್ಗಿ, ಕಿವಿ ಹತ್ತಿರ ತಂದು, ಬಹಳ ಹೊತ್ತು ಕೇಳಿದ. ಯಾವ ಹೆಂಚಿಗೂ ಅವನು ಅಷ್ಟು ಹೊತ್ತು ಕಿವಿಗೊಟ್ಟಿರಲಿಲ್ಲ.

ಅವಳು ಕಣ್ಣು ಮುಚ್ಚಿ ಗೀಟಿಗಾಗಿ ಕಾದಳು. ತಣ್ಣನೆಯದೇನೂ ಹಣೆಗೆ ತಾಗಲಿಲ್ಲ. ಕಣ್ಣು ಬಿಟ್ಟಾಗ, ಅವನು ಸೀಮೆಸುಣ್ಣವನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡು, ಅವಳ ಭುಜ ಹಿಡಿದು, ಗೀಟಿಲ್ಲದ ಹೆಂಚುಗಳ ಕಡೆಗೆ ಒಂಚೂರು ಸರಿಸಿ ಕೂರಿಸುತ್ತಿದ್ದ.